ಒಂದು ಪದಕ್ಕೆ 23 ವರ್ಷ

2024ರ ಜನವರಿಯಲ್ಲಿ ಅಜರ್‌ಬೈಜಾನ್ ಸರ್ಕಾರ, ಆ ವರ್ಷ ಬಾಕುವಿನಲ್ಲಿ ನಡೆಯಬೇಕಿದ್ದ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನಕ್ಕೆ 28 ಮಂದಿಯ ಸಂಘಟನಾ ಸಮಿತಿ ರಚಿಸಿತು. ಅಷ್ಟೂ ಜನ ಗಂಡಸರೇ. ಟೀಕೆ ಬಂದ ಮೇಲೆ 12 ಮಹಿಳೆಯರನ್ನು ಸೇರಿಸಲಾಯಿತು. ಒಂದು ಸರ್ಕಾರದ ಮರೆವು ಎಂದು ಸುಮ್ಮನಾಗಬಹುದಿತ್ತು. ಆದರೆ ಈ ಮರೆವಿಗೊಂದು ಚರಿತ್ರೆಯಿದೆ.

1991ರ ನವೆಂಬರ್‌ನಲ್ಲಿ ಬೆಲ್ಲಾ ಆಬ್ಜಗ್ ಮುಂದಾಳತ್ವದಲ್ಲಿ ಹಲವು ದೇಶಗಳ ಮಹಿಳೆಯರು ಮಯಾಮಿಯಲ್ಲಿ ಸೇರಿ, ಮರುವರ್ಷದ ರಿಯೊ ಶೃಂಗಸಭೆಗಾಗಿ ತಮ್ಮದೇ ಕಾರ್ಯಸೂಚಿ ಬರೆದರು. ಫಲವೂ ಸಿಕ್ಕಿತು. ರಿಯೊದ ‘ಅಜೆಂಡಾ 21’ರಲ್ಲಿ ಮಹಿಳೆಯರಿಗೆಂದೇ ಒಂದು ಅಧ್ಯಾಯ ಬಂತು. ಜೀವವೈವಿಧ್ಯ ಒಪ್ಪಂದದ ಪೀಠಿಕೆ ಅವರ ಪಾತ್ರವನ್ನು ನೆನೆಯಿತು. ಅದೇ ಸಭೆಯಲ್ಲಿ ಸಹಿಗೆ ತೆರೆದ ಹವಾಮಾನ ಒಪ್ಪಂದದಲ್ಲಿ ಮಾತ್ರ ಹೆಣ್ಣಿನ ಸುಳಿವೇ ಇರಲಿಲ್ಲ. 1997ರ ಕ್ಯೋಟೊ ಒಪ್ಪಂದದಲ್ಲೂ ಇಲ್ಲ.

ಏಕೆ? ಬೀಜ, ಕಾಡು ಎಂದಾಗ ಅವನ್ನು ಕಾಯುವ ಕೈಗಳು ಕಣ್ಣಿಗೆ ಬೀಳುತ್ತವೆ. ಹವಾಮಾನದ ಮಾತುಕತೆಯಲ್ಲಿದ್ದದ್ದು ಅನಿಲ, ಟನ್ನು ಮತ್ತು ದೇಶಗಳ ಲೆಕ್ಕ. ಬಡವರ ಭತ್ತದ ಗದ್ದೆಯ ಮೀಥೇನನ್ನೂ ಶ್ರೀಮಂತರ ಕಾರಿನ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಎಂದು 1991ರಲ್ಲೇ ಅನಿಲ್ ಅಗರ್‌ವಾಲ್ ಮತ್ತು ಸುನೀತಾ ನಾರಾಯಣ್ ವಾದಿಸಿದ್ದರು. ಅದೇ ಗದ್ದೆಯಲ್ಲಿ ಬಗ್ಗಿ ನಾಟಿ ಮಾಡುವವರು ಯಾರು ಎಂಬುದು ಸ್ತ್ರೀವಾದಿಗಳು ಮುಂದುವರಿಸಿದ ಪ್ರಶ್ನೆ.

ಉತ್ತರ ಮೊದಲು ಬಂದದ್ದು ಕುರ್ಚಿಗಳ ರೂಪದಲ್ಲಿ. 2001ರಲ್ಲಿ ಮರಕೇಶ್‌ನ ನಿರ್ಣಯ ಸಮಿತಿಗಳಿಗೆ ಹೆಚ್ಚು ಮಹಿಳೆಯರನ್ನು ಆರಿಸಿ ಎಂದಿತು. 2012ರಲ್ಲಿ ದೋಹಾದಲ್ಲಿ ಮತ್ತೆ ಅದನ್ನೇ ಹೇಳಬೇಕಾಯಿತು. 2014ರಲ್ಲಿ ಲಿಮಾ ಕಾರ್ಯಕ್ರಮ ಬಂತು. ಕೊನೆಗೆ 2015ರ ಪ್ಯಾರಿಸ್ ಒಪ್ಪಂದದಲ್ಲಿ ‘ಲಿಂಗ ಸಮಾನತೆ’ ಎಂಬ ಮಾತು ಸೇರಿತು. ರಿಯೊದಿಂದ ಅಲ್ಲಿಗೆ 23 ವರ್ಷ.

ಆದರೆ ಅದು ಎಲ್ಲಿ ಸೇರಿತು ಎಂದು ನೋಡಬೇಕು. ಪೀಠಿಕೆಯಲ್ಲಿದೆ. ಹೊಂದಾಣಿಕೆಯ 7ನೇ ವಿಧಿಯಲ್ಲೂ ಸಾಮರ್ಥ್ಯವೃದ್ಧಿಯ 11ನೇ ವಿಧಿಯಲ್ಲೂ ಲಿಂಗಸಂವೇದನೆಯ ಮಾತಿದೆ. ಹೊಗೆ ತಗ್ಗಿಸುವ 4ನೇ ವಿಧಿಯಲ್ಲಿಲ್ಲ, ಹಣದ 9ನೇ ವಿಧಿಯಲ್ಲೂ ಇಲ್ಲ.

ಹವಾಮಾನ ಚರ್ಚೆ ಹೆಣ್ಣನ್ನು ಒಂದೋ ಅಬಲೆ, ಇಲ್ಲವೇ ಪ್ರಕೃತಿಯ ಪುಣ್ಯವಂತೆ ಎಂದಷ್ಟೇ ಕಾಣುತ್ತದೆ ಎಂದು ಸೀಮಾ ಅರೋರಾ-ಜಾನ್ಸನ್ 2011ರಲ್ಲಿ ಎಚ್ಚರಿಸಿದ್ದರು. ಪ್ಯಾರಿಸ್‌ನ ಈ ಹಂಚಿಕೆಯೂ ಅದೇ ಜಾಡಿನದು. ಬರ, ನೆರೆಗೆ ಹೊಂದಿಕೊಳ್ಳುವಲ್ಲಿ ಹೆಣ್ಣು ನೆನಪಾಗುತ್ತಾಳೆ. ಯಾರು ಎಷ್ಟು ಹೊಗೆ ಇಳಿಸಬೇಕು, ಹಣ ಯಾರ ಕೈ ಸೇರಬೇಕು ಎಂಬಲ್ಲಿ ಮರೆತುಹೋಗುತ್ತಾಳೆ. 12 ಕುರ್ಚಿ ಸೇರಿಸಲು ಕೆಲವು ದಿನ ಸಾಕಾಯಿತು. ಈ ಎರಡು ವಿಧಿಗಳ ಬಾಗಿಲು ಇನ್ನೂ ತೆರೆದಿಲ್ಲ.