ಕೊಡದ ತೇಪೆ, ಕಾರಿನ ಬಿರುಕು

ಹಿರಿಯೂರಿನ ಮಾರಿಕಣಿವೆ ಅಣೆಕಟ್ಟು ಮುಗಿದಿದ್ದು 1907ರಲ್ಲಿ. ಅದೇ ವರ್ಷ ಅಮೆರಿಕದಲ್ಲಿ ಲಿಯೋ ಬೇಕ್‌ಲ್ಯಾಂಡ್ ಅನ್ನೋ ಬೆಲ್ಜಿಯಂ ಮೂಲದ ವಿಜ್ಞಾನಿ ಬೇಕಲೈಟ್ ಕಂಡುಹಿಡಿದ. ಒಂದಕ್ಕೊಂದು ಸಂಬಂಧವಿಲ್ಲ, ನಿಜ. ಆದರೆ ನಮ್ಮ ಕಡೆ ಪ್ಲಾಸ್ಟಿಕ್‌ನ ಇತಿಹಾಸ ಹೇಳಬೇಕಾದರೆ ನೀರಿನಿಂದಲೇ ಶುರು ಮಾಡಬೇಕು.

ಚಿತ್ರದುರ್ಗ, ಹೊಸದುರ್ಗ, ಹೊಳಲ್ಕೆರೆ ಎಲ್ಲ ಬರದ ಸೀಮೆ. ನಲ್ಲಿ ಮುಂದೆ ಸಾಲಾಗಿ ಇಡೋ ಕೊಡಕ್ಕೆ ಬೆಲೆ ಜಾಸ್ತಿ. ತಾಮ್ರ, ಹಿತ್ತಾಳೆಯ ಕಾಲದಲ್ಲಿ ಕಲಾಯಿಯವನು ಬೀದಿಗೆ ಬರ್ತಿದ್ದ. ಪ್ಲಾಸ್ಟಿಕ್ ಕೊಡ ಬಂದ ಮೇಲೆ ಇನ್ನೊಬ್ಬ ಬಂದ: ಕೆಂಡದಲ್ಲಿ ಕಾಯಿಸಿದ ಕಬ್ಬಿಣ, ಚೀಲದ ತುಂಬ ಒಡೆದ ಕೊಡದ ಚೂರು. ಬಿರುಕಿನ ಮೇಲೆ ಚೂರಿಟ್ಟು ಕರಗಿಸಿ ಒತ್ತಿದರೆ ತೇಪೆ ರೆಡಿ.

ಕಾರಿಗೆ ಆಗ ಇದ್ಯಾವುದೂ ಬೇಕಿರಲಿಲ್ಲ. ಪ್ರೀಮಿಯರ್ ಪದ್ಮಿನಿಯ ಒಳಗೂ ಬಣ್ಣ ಬಳಿದ ತಗಡು ಇತ್ತು. ನೆಗ್ಗಿದರೆ ಟಿಂಕರಿಂಗ್‌ನವನು ಸುತ್ತಿಗೆ ತಗೋತಿದ್ದ. 1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800ರ ಕೀಲಿ ಕೈ ಬದಲಾಯಿತಲ್ಲ, ಅಲ್ಲಿಂದ ನಮ್ಮ ಊರಿನ ಕಾರುಗಳ ಒಳಗೆ ಪ್ಲಾಸ್ಟಿಕ್ ಜಾಸ್ತಿಯಾಗುತ್ತಾ ಹೋಯ್ತು. ಸುತ್ತಿಗೆ ಕೆಲಸಕ್ಕೆ ಬಾರದಾಯ್ತು.

ಏಪ್ರಿಲ್‌ನಲ್ಲಿ ಗಾಜು ಏರಿಸಿ ಕಾರು ನಿಲ್ಲಿಸಿ ನೋಡಿ. ಬಿಸಿಲು ಪ್ಲಾಸ್ಟಿಕ್‌ನ ಸರಪಳಿಗಳನ್ನು ಕಡಿಯುತ್ತೆ. ಪಿವಿಸಿಯನ್ನು ಮೆತ್ತಗಿಡೋ ಎಣ್ಣೆಯಂಥ ವಸ್ತು ಆವಿಯಾಗಿ ಗಾಜಿಗೆ ಜಿಡ್ಡಾಗಿ ಕೂರುತ್ತೆ, ಡ್ಯಾಶ್‌ಬೋರ್ಡ್ ಒಣಗಿದ ಕೆರೆಯಂಗಳದ ಥರ ಸೀಳುತ್ತೆ. ಬಾಗಿಲ ಪ್ಯಾಡಿನ ಕ್ಲಿಪ್ಪಂತೂ ಮುಟ್ಟಿದರೆ ಮುರಿಯುತ್ತೆ.

ನಿಮ್ಮಪ್ಪನ 800 ಹೊಳಲ್ಕೆರೆಯ ಮನೆ ಮುಂದೆ ನಿಂತಿರಬಹುದು. ಆ ಕಾರಿನ ತಯಾರಿಕೆ 2014ಕ್ಕೇ ನಿಂತಿದೆ, 2021ರಿಂದ ಗುಜರಿ ನೀತಿ ಬೇರೆ. ಇಂಜಿನ್ ಗಟ್ಟಿಯಿದ್ದರೂ ಒಳಗಿನ ಅವಸ್ಥೆ ನೋಡಿಯೇ ಮನೆಯವರು "ಕೊಟ್ಟುಬಿಡೋಣ" ಅಂತಾರೆ. ಕೊಡೋ ಮುಂಚೆ ಇಷ್ಟು ಮಾಡಿ. ತುಂಡಿನ ಹಿಂಬದಿಯಲ್ಲಿ ಪಿಪಿ ಅಥವಾ ಎಬಿಎಸ್ ಅಂತ ಅಚ್ಚಿದೆಯಾ ನೋಡಿ. ಹಳೇ ಕಾರಲ್ಲಿ ಇಲ್ಲದಿದ್ದರೆ ಕಾಣದ ಕಡೆಯಿಂದ ಒಂದು ಚೂರು ಕೆತ್ತಿ ನೀರಿಗೆ ಹಾಕಿ. ಪಾಲಿಪ್ರೊಪಿಲೀನ್ ತೇಲುತ್ತೆ, ಎಬಿಎಸ್ ಮುಳುಗುತ್ತೆ. ಮುಳುಗಿದ್ದೆಲ್ಲ ಎಬಿಎಸ್ ಅಲ್ಲ, ಪಿವಿಸಿಯೂ ಮುಳುಗುತ್ತೆ. ಅದನ್ನು ಮಾತ್ರ ಕಾಯಿಸಬೇಡಿ, ಹೊಗೆ ವಿಷ.

ಎಬಿಎಸ್ ಸುಲಭ. ಅದರದ್ದೇ ಚೂರುಗಳನ್ನು ಅಸಿಟೋನ್‌ನಲ್ಲಿ ಗಂಜಿಯ ಹಾಗೆ ಕರಗಿಸಿ ಬಿರುಕಿಗೆ ತುಂಬಿದರೆ ಆರಿದ ಮೇಲೆ ಒಂದೇ ತುಂಡು. ಪಾಲಿಪ್ರೊಪಿಲೀನ್‌ನದು ಬೇರೆ ಸ್ವಭಾವ. ಇಟಲಿಯ ಜೂಲಿಯೊ ನಾಟ್ಟಾ 1954ರಲ್ಲಿ ಅದನ್ನು ತಯಾರಿಸಿದ, 1963ರಲ್ಲಿ ಜೀಗ್ಲರ್ ಜೊತೆ ನೊಬೆಲ್ ಪಡೆದ; ಆದರೆ ಮಾಮೂಲಿ ಗೋಂದು ಇವತ್ತಿಗೂ ಅದಕ್ಕೆ ಹಿಡಿಯಲ್ಲ. ಕರಗಿಸಿಯೇ ಕೂಡಿಸಬೇಕು, ಅಂದರೆ ಕೊಡದವನ ವಿದ್ಯೆಯೇ. ಬಿರುಕಿನ ತುದಿಗೆ ಸಣ್ಣ ತೂತು ಹಾಕಿ, ಬಿರುಕು ಅಲ್ಲಿಗೆ ನಿಲ್ಲುತ್ತೆ. ಹಿಂಬದಿಯಿಂದ ಸೋಲ್ಡರಿಂಗ್ ಐರನ್ ಹಿಡಿದು ಸಣ್ಣ ಸ್ಟೀಲ್ ಜಾಲರಿ ಹುದುಗಿಸಿ, ಮೇಲೆ ಅದೇ ಪ್ಲಾಸ್ಟಿಕ್ ತುಂಬಿ. ಕಿಟಕಿ ತೆರೆದಿರಲಿ. ಪಾಲಿಥೀನ್ ಕೊಡದ ಚೂರು ಇಲ್ಲಿ ನಡೆಯಲ್ಲ. ಜಾತಿ ನೋಡಬಾರದು ಅಂತ ಎಲ್ಲ ಕಡೆ ಹೇಳಬಹುದು, ಈ ಒಂದು ಕೆಲಸ ಬಿಟ್ಟು.

ಮುಂಬದಿಯಲ್ಲಿ ಗೆರೆ ಸ್ವಲ್ಪ ಕಾಣುತ್ತೆ. ಕೊಡದ ತೇಪೆಯೂ ಕಾಣ್ತಿತ್ತು, ನೀರು ಸೋರ್ತಿರಲಿಲ್ಲ.