ಡಿಕನ್ಸನ ‘ಮನೆಮಾತು’

ಚಾರ್ಲ್ಸ್ ಡಿಕನ್ಸನ ಕಾದಂಬರಿಗಳನ್ನು ವಾಚಕರಲ್ಲಿ ಅನೇಕರು ಓದಿರಬಹುದು. ಓದದವರೂ ಹೆಸರನ್ನಾದರೂ ಕೇಳಿರುತ್ತಾರೆ. ಆದರೆ ಆತನು ಒಂಬತ್ತು ವರ್ಷಗಳ ಕಾಲ ವಾರವಾರವೂ ತಪ್ಪದೆ ಒಂದು ಪತ್ರಿಕೆಯನ್ನು ನಡೆಸಿದನೆಂಬುದೂ, ಅದರಲ್ಲಿ ಕಟ್ಟುಕತೆಗಿಂತ ಕಂಡು ಬರೆದ ಪ್ರಬಂಧಗಳಿಗೇ ಹೆಚ್ಚು ಸ್ಥಳವಿತ್ತೆಂಬುದೂ ನಮ್ಮಲ್ಲಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ಪತ್ರಿಕೆಯ ಹೆಸರು ‘ಹೌಸ್‌ಹೋಲ್ಡ್ ವರ್ಡ್ಸ್’. ಷೇಕ್ಸ್‌ಪಿಯರನ ‘ಐದನೆಯ ಹೆನ್ರಿ’ ನಾಟಕದಿಂದ ಎತ್ತಿಕೊಂಡ ಮಾತು. ಕನ್ನಡದಲ್ಲಿ ‘ಮನೆಮಾತು’ ಎಂದರೆ ಅದಕ್ಕೆ ಸರಿಹೊಂದುತ್ತದೆ.

ಮೊದಲ ಸಂಚಿಕೆಯ ತಾರೀಖು 1850ರ ಮಾರ್ಚ್ 30. ನಾಲ್ಕು ವರ್ಷ ಮೊದಲು ಡಿಕನ್ಸನು ‘ಡೈಲಿ ನ್ಯೂಸ್’ ಎಂಬ ದಿನಪತ್ರಿಕೆಯ ಸಂಪಾದಕನಾಗಿ, ಹದಿನೇಳು ಸಂಚಿಕೆಗಳಿಗೇ ಬೇಸತ್ತು ಬಿಟ್ಟುಬಂದಿದ್ದನು. ಈ ಸಲ ಕಟ್ಟುಪಾಡು ಬೇರೆಯಾಗಿತ್ತು. ಪತ್ರಿಕೆಯ ಅರ್ಧ ಪಾಲು ತನ್ನದು. ಪ್ರಕಾಶಕರಾದ ಬ್ರಾಡ್‌ಬರಿ ಮತ್ತು ಎವನ್ಸ್ ಅವರದು ಕಾಲು. ಸ್ನೇಹಿತ ಫಾರ್ಸ್ಟರನಿಗೂ ಸಹಾಯಕ ಸಂಪಾದಕ ಡಬ್ಲ್ಯು. ಎಚ್. ವಿಲ್ಸನಿಗೂ ಎಂಟನೆಯ ಒಂದೊಂದು ಪಾಲು. ಇಪ್ಪತ್ತನಾಲ್ಕು ಪುಟ, ಪುಟಕ್ಕೆರಡು ಅಂಕಣ, ಒಂದಾದರೂ ಚಿತ್ರವಿಲ್ಲ. ಬೆಲೆ ಎರಡು ಪೆನ್ನಿ.

ಲೇಖನಗಳ ಬಗೆ ಎಂಥದೆಂದು ಕೇಳುವಿರಾ? ಮೊದಲ ಸಂಚಿಕೆಯಲ್ಲಿಯೇ ಡಿಕನ್ಸನೂ ವಿಲ್ಸನೂ ಲಂಡನ್ನಿನ ಪ್ರಧಾನ ಅಂಚೆಕಚೇರಿಗೆ ಹೋಗಿ ನಿಂತು ಬರೆದದ್ದಿದೆ. ಸಂಜೆ ಆರು ಗಂಟೆ ಸಮೀಪಿಸಿದಂತೆ ಕಿಟಕಿಯೊಳಕ್ಕೆ ಪತ್ರಿಕೆಗಳು ಪ್ರವಾಹದಂತೆ ಬಂದು ಬೀಳುವುದನ್ನು ನಾವೇ ಪಕ್ಕದಲ್ಲಿ ನಿಂತು ನೋಡುತ್ತೇವೆ. ಅದೇ ವರ್ಷದ ಆಗಸ್ಟ್ 31ರ ಸಂಚಿಕೆಯಲ್ಲಿ ಕಾಗದದ ಗಿರಣಿಯ ಪ್ರಬಂಧ. ಅಲ್ಲಿ ಬರಹಗಾರನು ತಾನೇ ಚಿಂದಿಬಟ್ಟೆಯ ಮೂಟೆಯೆಂದು ಭಾವಿಸಿಕೊಂಡು, ಹರಿಸಿಕೊಂಡು, ಅರೆಸಿಕೊಂಡು, ಕಡೆಗೆ ಕಾಗದವಾಗಿ ಹೊರಬರುತ್ತಾನೆ. ಯಂತ್ರದ ಕೆಲಸ ಒಂದೂ ತಪ್ಪಿಲ್ಲ. ಹೇಳುವ ಬಾಯಿ ಮಾತ್ರ ಚಿಂದಿಯದು. ಗಿರಣಿಯ ವರ್ಣನೆಯನ್ನು ಹೀಗೆ ನಗುತ್ತ ಓದುವಂತೆ ಮಾಡುವುದು ಸುಲಭವಲ್ಲ. ವಿಲ್ಸನು ಶಿಸ್ತಿನ ಮನುಷ್ಯ, ಅಂಕಿಅಂಶಗಳಲ್ಲಿ ಗಟ್ಟಿಗ. ಡಿಕನ್ಸನಾದರೋ ಊರು ಬಿಟ್ಟು ದೂರದಲ್ಲಿದ್ದಾಗಲೂ, ಪತ್ರಿಕೆಯಲ್ಲಿ ಕಲ್ಪನೆಯ ಕಳೆ ಕುಂದಬಾರದೆಂದು ಅವನಿಗೆ ಕಾಗದ ಬರೆದು ಎಚ್ಚರಿಸುತ್ತಿದ್ದನು.

ಈ ಕಲ್ಪನೆಯ ಕಳೆಗೆ ನಿಜವಾದ ಪರೀಕ್ಷೆ ಬಂದದ್ದು 1854ರಲ್ಲಿ. ಇಂಗ್ಲೆಂಡಿನ ಬಟ್ಟೆಗಿರಣಿಗಳಲ್ಲಿ ತಿರುಗುವ ಯಂತ್ರಭಾಗಗಳಿಗೆ ಕಟಕಟೆ ಹಾಕಿ ಮರೆಮಾಡಬೇಕೆಂದು 1844ರ ಕಾನೂನು ವಿಧಿಸಿತ್ತು. ನೆಲದಿಂದ ಏಳಡಿಗಿಂತ ಎತ್ತರದಲ್ಲಿರುವ ಶಾಫ್ಟುಗಳಿಗೆ ಅದು ಬೇಕಿಲ್ಲವೆಂದು ಮಾಲಿಕರ ವಾದ. ಏಪ್ರಿಲ್ 22ರ ಸಂಚಿಕೆಯಲ್ಲಿ ಹೆನ್ರಿ ಮಾರ್ಲೆ ಎಂಬಾತ ಈ ವಿಷಯವಾಗಿ ಬರೆದನು. ಮೊದಲು ವೈದ್ಯನಾಗಿದ್ದವನು, ಗಾಯವೆಂದರೇನೆಂದು ಬಲ್ಲವನು. ಗೆಳೆಯನಿಗೆ ಒಂದು ಚಮತ್ಕಾರ ತೋರಿಸುತ್ತೇನೆಂದು ಹುಡುಗನೊಬ್ಬ ಶಾಫ್ಟಿನ ಸುತ್ತ ತೋಳು ಹಾಕುತ್ತಾನೆ. ನಾನೂ ಒಂದನ್ನು ತೋರಿಸುತ್ತೇನೆಂದು ಯಂತ್ರವು ಹಲ್ಲು ಕಡಿಯುತ್ತದೆ. ತೊಗಲಿನ ಪಟ್ಟಿ ತೋಳಿಗೆ ಸುತ್ತಿಕೊಳ್ಳುತ್ತದೆ. ಹುಡುಗನನ್ನು ಜೀವಸಹಿತ ಬಿಡಿಸಲಾಗಲಿಲ್ಲ. ಶಾಫ್ಟು ಮಾತಾಡಿತೇ ಎಂದು ಯಾರೂ ಕೇಳಬಹುದು. ಅಚೇತನಕ್ಕೆ ಚೇತನಧರ್ಮವನ್ನು ಆರೋಪಿಸುವುದನ್ನು ನಮ್ಮ ಆಲಂಕಾರಿಕರು ದೋಷವೆಂದು ಎಣಿಸುವುದಿಲ್ಲ. ಮೇಲಾಗಿ, ಮಾರ್ಲೆಯು ಕಾರ್ಖಾನೆಯ ತನಿಖಾಧಿಕಾರಿಗಳ ವರದಿಗಳನ್ನು ಮುಂದಿಟ್ಟುಕೊಂಡೇ ಬರೆದಿದ್ದನು.

ಆಗ ಅದೇ ಪತ್ರಿಕೆಯಲ್ಲಿ ಡಿಕನ್ಸನ ‘ಹಾರ್ಡ್ ಟೈಮ್ಸ್’ ಕಾದಂಬರಿಯೂ ವಾರವಾರ ಬರುತ್ತಿತ್ತು. ಯಂತ್ರಕ್ಕೆ ಸಿಕ್ಕಿ ತೋಳು ಕಳೆದುಕೊಂಡ ಹುಡುಗಿಯೊಬ್ಬಳ ಪ್ರಸ್ತಾಪವನ್ನು ಅವನು ಅದರಲ್ಲಿ ಬರೆದು, ಮಾರ್ಲೆಯ ಲೇಖನವನ್ನು ನೋಡಿರೆಂದು ಅಡಿಟಿಪ್ಪಣಿಯನ್ನೂ ಕೊಟ್ಟಿದ್ದನು. ಅಚ್ಚಿನ ಕರಡಿನಲ್ಲಿ ಎರಡನ್ನೂ ಹೊಡೆದುಹಾಕಿದನು. ಕಾದಂಬರಿಯಲ್ಲಿ ಅಳಿದದ್ದು ಪ್ರಬಂಧದಲ್ಲಿ ಉಳಿಯಿತು.

ಮಾಲಿಕರು ಸಂಘ ಕಟ್ಟಿಕೊಂಡು ತಿರುಗಿಬಿದ್ದರು. ಅವರ ಪರವಾಗಿ ಲೇಖನಿ ಹಿಡಿದವರು ಯಾರು? ಈ ಪತ್ರಿಕೆಯಲ್ಲಿಯೇ ಗುಂಡಿ, ಸೂಜಿಗಳ ತಯಾರಿಕೆಯನ್ನು ಕುರಿತು ಸೊಗಸಾಗಿ ಬರೆದಿದ್ದ ಹ್ಯಾರಿಯೆಟ್ ಮಾರ್ಟಿನೋ! ಅಪಘಾತಗಳಲ್ಲಿ ಬಹುಪಾಲು ಕೆಲಸಗಾರರ ಅಜಾಗರೂಕತೆಯಿಂದ ಆದವು, ಪತ್ರಿಕೆಯು ಸಂಗತಿಗಳನ್ನು ತಿರುಚಿದೆ ಎಂಬುದು ಆಕೆಯ ಆಕ್ಷೇಪಣೆ. ‘ವೆಸ್ಟ್‌ಮಿನ್‌ಸ್ಟರ್ ರಿವ್ಯೂ’ ಆ ಬರಹವನ್ನು ನಿರಾಕರಿಸಲು, ಮಾಲಿಕರ ಸಂಘವೇ 1855ರಲ್ಲಿ ಪುಸ್ತಿಕೆಯಾಗಿ ಅಚ್ಚುಹಾಕಿಸಿತು. 1856ರ ಜನವರಿಯಲ್ಲಿ ಪತ್ರಿಕೆ ಉತ್ತರ ಕೊಟ್ಟಿತು. ಆಕೆಯನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ: ನಡೆದದ್ದನ್ನು ಕಥೆಯಂತೆ ಹೇಳುವವನ ಲೆಕ್ಕವನ್ನು ಯಾರಾದರೂ ಒಬ್ಬರು ಕೂಡಿ ಕಳೆದು ನೋಡಲೇಬೇಕು. ಆದರೂ ನನ್ನ ಮನಸ್ಸು ಹುಡುಗನ ಕಡೆಗೇ ವಾಲುತ್ತದೆ. ಪಾರ್ಲಿಮೆಂಟು ಹಾಗೆ ವಾಲಲಿಲ್ಲ. ಅದೇ ವರ್ಷದ ಹೊಸ ಕಾನೂನು ಕಟಕಟೆಯ ನಿಯಮವನ್ನು ಮಾಲಿಕರಿಗೆ ಅನುಕೂಲವಾಗುವಂತೆ ಸಡಿಲಿಸಿತು.

ಪತ್ರಿಕೆ ನಿಂತದ್ದಕ್ಕೆ ಕಾರಣ ಗಿರಣಿಯಲ್ಲ, ಸಂಸಾರ. ಹೆಂಡತಿಯಿಂದ ಬೇರೆಯಾದ ಡಿಕನ್ಸನು 1858ರ ಜೂನ್ 12ರ ಸಂಚಿಕೆಯ ಮೊದಲ ಪುಟದಲ್ಲಿ ಸ್ವಂತ ಹೇಳಿಕೆಯೊಂದನ್ನು ಪ್ರಕಟಿಸಿದನು. ಬ್ರಾಡ್‌ಬರಿ ಮತ್ತು ಎವನ್ಸ್ ತಮ್ಮ ‘ಪಂಚ್’ ಪತ್ರಿಕೆಯಲ್ಲಿ ಅದನ್ನು ಅಚ್ಚುಮಾಡಲಿಲ್ಲ. ಇದರಿಂದ ವೈಮನಸ್ಯ ಬೆಳೆದು, ವ್ಯಾಜ್ಯವಾಗಿ, 1859ರ ಮೇ ತಿಂಗಳಲ್ಲಿ ಪತ್ರಿಕೆ ಹರಾಜಿಗೆ ಬಂತು. ಡಿಕನ್ಸನೇ 3,550 ಪೌಂಡಿಗೆ ಕೊಂಡು, ಮೇ 28ರ ಸಂಚಿಕೆಯೊಂದಿಗೆ ನಿಲ್ಲಿಸಿಬಿಟ್ಟನು. ಅವನ ಹೊಸ ಪತ್ರಿಕೆ ‘ಆಲ್ ದಿ ಇಯರ್ ರೌಂಡ್’ ಅಷ್ಟರಲ್ಲಿ ಹೊರಟಾಗಿತ್ತು.

ಇಷ್ಟು ವರ್ಷವೂ ಲೇಖಕರ ಹೆಸರು ಅಚ್ಚಾಗುತ್ತಿರಲಿಲ್ಲ. ಪುಟಗಳ ನೆತ್ತಿಯ ಮೇಲೆ ಡಿಕನ್ಸನ ಹೆಸರೊಂದೇ. ಹಾಗಾದರೆ ಮಾರ್ಲೆಯ ಹೆಸರು ನಮಗೆ ತಿಳಿದದ್ದು ಹೇಗೆ? ವಿಲ್ಸನು ಕಚೇರಿಯಲ್ಲಿ ಒಂದು ಲೆಕ್ಕದ ಪುಸ್ತಕ ಇಟ್ಟಿದ್ದನು: ಯಾವ ಸಂಚಿಕೆ, ಯಾರ ಲೇಖನ, ಎಷ್ಟು ಅಂಕಣ, ಕೊಟ್ಟ ಹಣವೆಷ್ಟು. ಆ ಪುಸ್ತಕ ಈಗ ಅಮೆರಿಕದ ಪ್ರಿನ್‌ಸ್ಟನ್ ವಿಶ್ವವಿದ್ಯಾನಿಲಯದಲ್ಲಿದೆ. ಆನ್ ಲೋರ್ಲಿ ಎಂಬ ವಿದುಷಿ ಅದನ್ನು ಪರಿಶೋಧಿಸಿ 1973ರಲ್ಲಿ ಪ್ರಕಟಿಸಿದಾಗ ಸುಮಾರು 390 ಬರಹಗಾರರ ಹೆಸರು ಹೊರಬಿದ್ದವು. ಅವರಲ್ಲಿ ತೊಂಬತ್ತರಷ್ಟು ಮಂದಿ ಹೆಂಗಸರು.