ಮನೆಯ ಲೆಕ್ಕ, ಸಾಲದ ಬಾಗಿಲು: ವೈಯಕ್ತಿಕ ಹಣಕಾಸು ಸಾಧನಗಳ ವಿಕಾಸ

ವ್ಯಕ್ತಿಯೊಬ್ಬರ ಅಥವಾ ಕುಟುಂಬವೊಂದರ ಬ್ಯಾಂಕ್ ಖಾತೆ, ಕ್ರೆಡಿಟ್ ಕಾರ್ಡ್, ಸಾಲ, ಹೂಡಿಕೆಗಳ ವಿವರಗಳನ್ನು ಒಂದೆಡೆ ತಂದು, ಹಣ ಎಲ್ಲಿಂದ ಬಂತು, ಯಾವುದಕ್ಕೆ ಹೋಯಿತು ಎಂಬುದನ್ನು ಬಾಬ್ತುವಾರು ತೋರಿಸುವ ತಂತ್ರಾಂಶಗಳನ್ನು ವೈಯಕ್ತಿಕ ಹಣಕಾಸು ಸಾಧನಗಳೆಂದು ಕರೆಯಲಾಗುತ್ತದೆ. ಕೂಡಿ ಕಳೆಯುವ ಕೆಲಸ ಕಂಪ್ಯೂಟರಿಗೆ ಎಂದೂ ಕಷ್ಟವಾಗಿರಲಿಲ್ಲ. ಬ್ಯಾಂಕಿನಲ್ಲಿರುವ ಮಾಹಿತಿಯನ್ನು ಲೆಕ್ಕದ ಪುಸ್ತಕಕ್ಕೆ ತಂದು ಹಾಕುವವರು ಯಾರು, ಆ ಕೆಲಸದ ಖರ್ಚು ಹೊರುವವರು ಯಾರು ಎಂಬ ಎರಡು ಪ್ರಶ್ನೆಗಳಿಗೆ ಬೇರೆ ಬೇರೆ ಕಾಲಗಳು ಕಂಡುಕೊಂಡ ಉತ್ತರಗಳೇ ಈ ಕ್ಷೇತ್ರದ ಘಟ್ಟಗಳನ್ನು ನಿರ್ಧರಿಸಿವೆ.

ಮೊದಲ ಘಟ್ಟದಲ್ಲಿ ಎರಡೂ ಹೊರೆಗಳು ಬಳಕೆದಾರರ ಮೇಲೆಯೇ ಇದ್ದವು. ಅಮೆರಿಕದಲ್ಲಿ 1983ರಲ್ಲಿ ಆರಂಭವಾದ ಇಂಟ್ಯೂಟ್ ಕಂಪನಿಯ ಕ್ವಿಕೆನ್ ತಂತ್ರಾಂಶವು ಅಲ್ಲಿನ ಮನೆಗಳಲ್ಲಿ ಬಳಕೆಯಲ್ಲಿದ್ದ ಚೆಕ್‌ಬುಕ್ ರಿಜಿಸ್ಟರಿನ ರೂಪವನ್ನೇ ಪರದೆಯ ಮೇಲೆ ಮೂಡಿಸಿತು. ಜನರು ಅದನ್ನು ಹಣ ಕೊಟ್ಟು ಕೊಂಡು, ಪ್ರತಿ ವ್ಯವಹಾರವನ್ನೂ ತಾವೇ ಟೈಪ್ ಮಾಡುತ್ತಿದ್ದರು. 1991ರಲ್ಲಿ ಮೈಕ್ರೋಸಾಫ್ಟ್ ಮನಿ ಇದಕ್ಕೆ ಪೈಪೋಟಿಯಾಗಿ ಬಂತು. 1997ರಲ್ಲಿ ಈ ಎರಡೂ ಕಂಪನಿಗಳು ಚೆಕ್‌ಫ್ರೀ ಎಂಬ ಕಂಪನಿಯ ಜತೆಗೂಡಿ ಓಎಫ್‌ಎಕ್ಸ್ ಎಂಬ ಕಡತ ಮಾದರಿಯನ್ನು ರೂಪಿಸಿದ ಮೇಲೆ, ಬ್ಯಾಂಕಿನ ಸ್ಟೇಟ್‌ಮೆಂಟನ್ನು ನೇರವಾಗಿ ತಂತ್ರಾಂಶಕ್ಕೆ ಇಳಿಸಿಕೊಳ್ಳುವುದು ಸಾಧ್ಯವಾಯಿತು. ಪ್ರತಿ ಜಮೆಗೂ (ಕ್ರೆಡಿಟ್) ಇನ್ನೊಂದು ಖಾತೆಯಲ್ಲಿ ಅಷ್ಟೇ ಮೊತ್ತದ ಖರ್ಚನ್ನು (ಡೆಬಿಟ್) ತೋರಿಸಬೇಕೆನ್ನುವ ದ್ವಿ-ನಮೂದು ಪದ್ಧತಿಯನ್ನು ಅನುಸರಿಸುವ ಗ್ನೂಕ್ಯಾಶ್ ಎಂಬ ಮುಕ್ತ ತಂತ್ರಾಂಶವೂ ಇದೇ ದಶಕದ್ದು. ಕಿರ್ದಿ-ಖಾತೆಯ ಶಿಸ್ತು ಬಲ್ಲವರಿಗೆ ಇಂದಿಗೂ ಅದಕ್ಕಿಂತ ನಂಬಿಕಸ್ಥ ಸಾಧನ ಸಿಗುವುದು ಕಷ್ಟ, ಉಳಿದವರಿಗೆ ಅದು ಕಬ್ಬಿಣದ ಕಡಲೆ.

ಮಾಹಿತಿ ತರುವ ಹೊರೆ ಯಂತ್ರಕ್ಕೆ ದಾಟಿದ್ದು ಮುಂದಿನ ಘಟ್ಟದಲ್ಲಿ. 1999ರಲ್ಲಿ ಸ್ಥಾಪನೆಯಾದ ಯೋಡ್ಲೀ ಕಂಪನಿಯು ಹಲವು ಬ್ಯಾಂಕುಗಳ ಖಾತೆಗಳನ್ನು ಒಟ್ಟುಗೂಡಿಸುವ ಸೇವೆಯನ್ನು ಬೆಳೆಸಿತು. ಅದರ ತಾಂತ್ರಿಕ ಕೆಲಸದ ಬಹುಪಾಲು ಬೆಂಗಳೂರಿನ ಕಚೇರಿಯಲ್ಲಿ ನಡೆಯುತ್ತಿತ್ತು. ಗ್ರಾಹಕರು ತಮ್ಮ ನೆಟ್‌ಬ್ಯಾಂಕಿಂಗ್ ಹೆಸರು, ಪಾಸ್‌ವರ್ಡ್‌ಗಳನ್ನು ಒಪ್ಪಿಸಿದರೆ ಯಂತ್ರವೇ ಅವರ ಪರವಾಗಿ ಲಾಗಿನ್ ಆಗಿ, ಪುಟದಲ್ಲಿ ಕಂಡದ್ದನ್ನು ಹೆಕ್ಕಿ ತರುವ ಸ್ಕ್ರೀನ್ ಸ್ಕ್ರೇಪಿಂಗ್ ವಿಧಾನ ಇದರ ಬುನಾದಿಯಾಗಿತ್ತು. ಯೋಡ್ಲೀಯ ಮಾಹಿತಿಯನ್ನು ಆಧರಿಸಿ 2007ರಲ್ಲಿ ಹುಟ್ಟಿದ ಮಿಂಟ್ ಪೂರ್ತಿ ಉಚಿತವಾಗಿತ್ತು. ಬಳಕೆದಾರರ ಖರ್ಚಿನ ರೀತಿ ನೋಡಿ ಅವರಿಗೆ ಹೊಂದುವ ಕ್ರೆಡಿಟ್ ಕಾರ್ಡ್, ಠೇವಣಿಗಳನ್ನು ಸೂಚಿಸಿ ಕಮಿಷನ್ ಪಡೆಯುವುದು ಅದರ ಆದಾಯದ ದಾರಿ. ಎರಡೇ ವರ್ಷಗಳಲ್ಲಿ ಇಂಟ್ಯೂಟ್ ಅದನ್ನು 17 ಕೋಟಿ ಡಾಲರಿಗೆ ಕೊಂಡಿತು, ಅದೇ 2009ರಲ್ಲಿ ಮೈಕ್ರೋಸಾಫ್ಟ್ ತನ್ನ ಮನಿ ತಂತ್ರಾಂಶದ ಮಾರಾಟ ನಿಲ್ಲಿಸಿತು. ಕೊನೆಗೆ 2024ರಲ್ಲಿ ಮಿಂಟ್ ಕೂಡ ಮುಚ್ಚಿ, ಅದರ ಬಳಕೆದಾರರನ್ನು ಸಾಲ ಮತ್ತು ಕಾರ್ಡುಗಳನ್ನು ಸೂಚಿಸುವುದನ್ನೇ ವ್ಯಾಪಾರವಾಗಿಸಿಕೊಂಡ ಕ್ರೆಡಿಟ್ ಕರ್ಮಾ ಸೇವೆಗೆ ದಾಟಿಸಲಾಯಿತು. ಲೆಕ್ಕ ಇಡುವ ಕೆಲಸ ತಾನಾಗಿ ಹಣ ಗಳಿಸುವುದಿಲ್ಲವೆಂಬುದಕ್ಕೆ ಇಷ್ಟು ನೇರವಾದ ಪುರಾವೆ ಬೇರೆ ಬೇಕಿಲ್ಲ.

ಭಾರತದಲ್ಲಿ ಪಾಸ್‌ವರ್ಡ್ ಒಪ್ಪಿಸುವ ದಾರಿ ಹೆಚ್ಚು ದೂರ ಸಾಗಲಿಲ್ಲ. ಬ್ಯಾಂಕುಗಳ ಓಟಿಪಿ ವ್ಯವಸ್ಥೆ ಮತ್ತು ಪಾಸ್‌ವರ್ಡನ್ನು ಯಾರಿಗೂ ಕೊಡಬಾರದೆಂಬ ನಿಯಮ ಅದಕ್ಕೆ ತಡೆಯಾದವು. ಇಲ್ಲಿನ ದಾರಿಯನ್ನು ತೆರೆದದ್ದು, ಸ್ವಾರಸ್ಯವೆಂದರೆ, ವಂಚನೆ ತಡೆಯಲೆಂದು ರಿಸರ್ವ್ ಬ್ಯಾಂಕ್ ತಂದ ಒಂದು ಕ್ರಮ. ಕಾರ್ಡಿನ ಪ್ರತಿ ವ್ಯವಹಾರಕ್ಕೂ, ಮೊತ್ತ ಎಷ್ಟೇ ಇರಲಿ, ಗ್ರಾಹಕರಿಗೆ ಕೂಡಲೇ ಸೂಚನೆ ಕಳುಹಿಸಬೇಕೆಂದು 2011ರಲ್ಲಿ ಅದು ಬ್ಯಾಂಕುಗಳಿಗೆ ಆದೇಶಿಸಿದ ಮೇಲೆ, ಜನರ ಮೊಬೈಲಿನ ಎಸ್‌ಎಂಎಸ್ ಪೆಟ್ಟಿಗೆಯೇ ಒಂದು ಕಚ್ಚಾ ಕಿರ್ದಿಯಾಯಿತು. 2014ರ ಸುಮಾರಿಗೆ ಬಂದ ಪುಣೆಯ ವಾಲ್ನಟ್, ಬೆಂಗಳೂರಿನ ಮನಿ ವ್ಯೂ ಮುಂತಾದ ಆ್ಯಪ್‌ಗಳು ಈ ಸಂದೇಶಗಳನ್ನು ಓದಿ, ಖಾತೆಯ ಕೊನೆಯ ನಾಲ್ಕು ಅಂಕಿ, ಮೊತ್ತ, ದಿನಾಂಕ, ಅಂಗಡಿಯ ಹೆಸರುಗಳನ್ನು ಬಿಡಿಸಿಕೊಂಡು, ದಿನಸಿ, ಪೆಟ್ರೋಲ್, ಹೋಟೆಲ್ ಎಂದು ವಿಂಗಡಿಸುತ್ತಿದ್ದವು.

ಈ ವಿಧಾನದ ತೊಡಕುಗಳನ್ನು ತುಸು ಹತ್ತಿರದಿಂದ ನೋಡಬೇಕು. ಕ್ರೆಡಿಟ್ ಕಾರ್ಡಿನಲ್ಲಿ ನಾಲ್ಕು ಸಾವಿರದ ಸಾಮಾನು ಕೊಂಡು, ತಿಂಗಳ ಕೊನೆಗೆ ಉಳಿತಾಯ ಖಾತೆಯಿಂದ ಆ ಬಿಲ್ಲನ್ನು ಕಟ್ಟಿದರೆ ಎರಡು ಸಂದೇಶಗಳು ಬರುತ್ತವೆ. ಎರಡನ್ನೂ ಖರ್ಚೆಂದು ಹಿಡಿದ ಆ್ಯಪ್ ಎಂಟು ಸಾವಿರ ತೋರಿಸುತ್ತದೆ. ಒಂದೇ ವ್ಯಕ್ತಿಯ ಎರಡು ಖಾತೆಗಳ ನಡುವಿನ ವರ್ಗಾವಣೆ ಒಂದೆಡೆ ವರಮಾನವಾಗಿ, ಇನ್ನೊಂದೆಡೆ ವೆಚ್ಚವಾಗಿ ಕಾಣುತ್ತದೆ. ಎಟಿಎಂನಿಂದ ತೆಗೆದ ನಗದಿನ ಜಾಡು ಅಲ್ಲಿಗೇ ಮುಗಿಯುತ್ತದೆ. 2016ರಲ್ಲಿ ಆರಂಭವಾದ ಯುಪಿಐ ವ್ಯವಸ್ಥೆಯಲ್ಲಿ ಒಂದು ತಿಂಗಳ ವ್ಯವಹಾರಗಳ ಸಂಖ್ಯೆ 2023ರ ಆಗಸ್ಟ್‌ನಲ್ಲಿ ಮೊದಲ ಬಾರಿಗೆ 1,000 ಕೋಟಿ ದಾಟಿತು. ನಗದಿನಲ್ಲಿ ಮರೆಯಾಗುತ್ತಿದ್ದ ಚಿಲ್ಲರೆ ಖರ್ಚುಗಳೂ ಇದರಿಂದ ದಾಖಲೆಗೆ ಬಂದವಾದರೂ, ತರಕಾರಿ ಗಾಡಿಯವರ ಕ್ಯೂಆರ್ ಕೋಡ್ ಅವರ ಸ್ವಂತ ಹೆಸರಿನಲ್ಲೇ ಇರುವುದರಿಂದ, ಆ ಪಾವತಿ ಸೊಪ್ಪಿಗೆ ಕೊಟ್ಟದ್ದೋ ಸ್ನೇಹಿತರ ಕೈಸಾಲ ತೀರಿಸಿದ್ದೋ ಎಂಬುದು ಯಂತ್ರಕ್ಕೆ ತಿಳಿಯುವಂತಿಲ್ಲ. 2024ರಲ್ಲಿ ಎಚ್‌ಡಿಎಫ್‌ಸಿ ಬ್ಯಾಂಕ್ 100 ರೂಪಾಯಿವರೆಗಿನ ಯುಪಿಐ ಪಾವತಿಗಳಿಗೆ ಎಸ್‌ಎಂಎಸ್ ಕಳುಹಿಸುವುದನ್ನು ನಿಲ್ಲಿಸಿದಾಗ, ಸಂದೇಶವನ್ನೇ ನಂಬಿದ ಆ್ಯಪ್‌ಗಳ ಕಣ್ಣಿಗೆ ಅಲ್ಲಿನ ಗ್ರಾಹಕರ ಕಾಫಿ-ತಿಂಡಿಯ ಖರ್ಚು ಬೀಳದಂತಾಯಿತು.

ತೊಡಕುಗಳಿಗಿಂತ ಮುಖ್ಯವಾದದ್ದು ಈ ಕಂಪನಿಗಳು ಹಿಡಿದ ದಿಕ್ಕು. 2008ರಲ್ಲಿ ಬೆಂಗಳೂರಿನಲ್ಲಿ ಜನಸಾಮಾನ್ಯರ ಲೆಕ್ಕದ ಸಾಧನವಾಗಿ ಹುಟ್ಟಿದ ಪರ್ಫಿಯೋಸ್, ಮುಂದೆ ಸಾಲ ಕೇಳುವವರ ಬ್ಯಾಂಕ್ ಸ್ಟೇಟ್‌ಮೆಂಟುಗಳನ್ನು ಸಾಲ ಕೊಡುವವರಿಗಾಗಿ ವಿಶ್ಲೇಷಿಸುವ ಸಂಸ್ಥೆಯಾಯಿತು. ವಾಲ್ನಟ್ ಅನ್ನು 2018ರಲ್ಲಿ ಸಾಲ ನೀಡುವ ಕ್ಯಾಪಿಟಲ್ ಫ್ಲೋಟ್ ಕೊಂಡಿತು. ಮನಿ ವ್ಯೂ ಸ್ವತಃ ಸಾಲದ ವೇದಿಕೆಯಾಗಿ ಬೆಳೆಯಿತು. ಇದನ್ನು ಮೋಸವೆನ್ನುವುದು ಅವಸರದ ಮಾತಾದೀತು, ಏಕೆಂದರೆ ಲೆಕ್ಕದ ಆ್ಯಪಿಗೆ ತಿಂಗಳಿಗೆ ನೂರು ರೂಪಾಯಿ ಕೊಡಲು ಸಿದ್ಧರಿರುವವರು ಇಲ್ಲಿ ವಿರಳ. ಆದರೂ ಖರ್ಚು ಹಿಡಿತದಲ್ಲಿಡಲೆಂದು ತೆರೆದ ಪರದೆಯ ಮೇಲೆಯೇ ಸಾಲದ ಆಹ್ವಾನ ಮೂಡುವುದರಲ್ಲಿರುವ ವೈರುಧ್ಯ ಕಡೆಗಣಿಸುವಂಥದ್ದಲ್ಲ. ಸಂದೇಶಗಳನ್ನು ಓದುವ ಅನುಮತಿಯನ್ನು ಗೂಗಲ್ 2018ರಲ್ಲಿ ಬಿಗಿಗೊಳಿಸಿತು. ಸಾಲದ ಆ್ಯಪ್‌ಗಳು ಸಂಪರ್ಕ ಪಟ್ಟಿ, ಕರೆ ದಾಖಲೆಗಳಿಗೆ ಕೈ ಹಾಕಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ನಿರ್ದೇಶಿಸಿತು.

ಇದಕ್ಕೆ ಸಮಾನಾಂತರವಾಗಿ, ಮಾಹಿತಿ ಸಾಗಿಸುವ ಕೆಲಸಕ್ಕೇ ಕಾನೂನಿನ ಚೌಕಟ್ಟು ಕಟ್ಟುವ ಪ್ರಯತ್ನ ನಡೆದಿತ್ತು. ಗ್ರಾಹಕರು ಒಪ್ಪಿದರೆ ಅವರ ಖಾತೆಯ ವಿವರವನ್ನು ಪರವಾನಗಿ ಪಡೆದ ಮೂರನೆಯವರಿಗೆ ಒದಗಿಸುವಂತೆ ಯುರೋಪಿನ ಪಿಎಸ್‌ಡಿ2 ನಿಯಮವು 2018ರಿಂದ ಬ್ಯಾಂಕುಗಳಿಗೆ ಕಡ್ಡಾಯ ಮಾಡಿತು. ಭಾರತದಲ್ಲಿ ರಿಸರ್ವ್ ಬ್ಯಾಂಕ್ 2016ರಲ್ಲೇ ಅಕೌಂಟ್ ಅಗ್ರಿಗೇಟರ್ ಎಂಬ ಹೊಸ ಬಗೆಯ ಸಂಸ್ಥೆಗಳಿಗೆ ನಿಯಮ ರೂಪಿಸಿತ್ತು. 2021ರ ಸೆಪ್ಟೆಂಬರ್ 2ರಂದು ಎಂಟು ಬ್ಯಾಂಕುಗಳು ಸೇರಿ ಈ ಜಾಲಕ್ಕೆ ಚಾಲನೆ ಸಿಕ್ಕಿತು. ಮೊಹರು ಮಾಡಿದ ಲಕೋಟೆಯನ್ನು ತಲುಪಿಸುವ ಅಂಚೆಯವರಂತೆ, ಅಗ್ರಿಗೇಟರ್ ಗೂಢಲಿಪಿಯಲ್ಲಿರುವ ಮಾಹಿತಿಯನ್ನು ಸಾಗಿಸಬಹುದೇ ಹೊರತು ತಾನು ಓದುವಂತಿಲ್ಲ, ಸಂಗ್ರಹಿಸಿಡುವಂತಿಲ್ಲ. ಗ್ರಾಹಕರ ಸಮ್ಮತಿಯೂ ಬರೀ ಒಂದು ಗುಂಡಿ ಒತ್ತುವುದಲ್ಲ. ಯಾವ ಖಾತೆ, ಯಾವ ಉದ್ದೇಶ, ಯಾವ ಅವಧಿಯ ವ್ಯವಹಾರ, ಎಷ್ಟು ಸಲ ತರಿಸಿಕೊಳ್ಳಬಹುದು, ಪಡೆದವರು ಎಷ್ಟು ಕಾಲ ಇಟ್ಟುಕೊಳ್ಳಬಹುದು ಎಂಬುದೆಲ್ಲ ಅದರಲ್ಲಿ ದಾಖಲಾಗುತ್ತದೆ, ಬೇಡವೆನಿಸಿದರೆ ಹಿಂಪಡೆಯಲೂ ಬಹುದು.

ವಿನ್ಯಾಸದಲ್ಲಿ ಇದು ಹಿಂದಿನ ಎಲ್ಲ ವಿಧಾನಗಳಿಗಿಂತ ಉತ್ತಮವೆಂಬುದರಲ್ಲಿ ಅನುಮಾನವಿಲ್ಲ. ಪಾಸ್‌ವರ್ಡ್ ಕೊಡಬೇಕಿಲ್ಲ, ಖಾಸಗಿ ಸಂದೇಶಗಳನ್ನು ತೆರೆದಿಡಬೇಕಿಲ್ಲ. ಆದರೆ ಮಾಹಿತಿ ಪಡೆಯುವ ಸಂಸ್ಥೆಯೇ ಸಾಮಾನ್ಯವಾಗಿ ಅಗ್ರಿಗೇಟರಿಗೆ ಶುಲ್ಕ ತೆರುವುದರಿಂದ, ಆ ಶುಲ್ಕವನ್ನು ಬಡ್ಡಿಯಲ್ಲಿ ವಸೂಲು ಮಾಡಬಲ್ಲ ಸಾಲದ ಸಂಸ್ಥೆಗಳೇ ಈ ಜಾಲದ ಪ್ರಮುಖ ಬಳಕೆದಾರರಾಗಿವೆ. ಸಾಲದ ಅರ್ಜಿಗೆ ಒಮ್ಮೆ ಸ್ಟೇಟ್‌ಮೆಂಟ್ ತರಿಸಿಕೊಂಡರೆ ಸಾಕು. ಮನೆಯ ಲೆಕ್ಕಕ್ಕಾದರೆ ವರ್ಷವಿಡೀ ಮತ್ತೆ ಮತ್ತೆ ತರಿಸಬೇಕು, ಪ್ರತಿ ಸಲವೂ ಖರ್ಚು. ಅದನ್ನು ಭರಿಸುವವರು ಯಾರೆಂಬ ಪ್ರಶ್ನೆಗೆ ಇಷ್ಟೊಂದು ಅಚ್ಚುಕಟ್ಟಾದ ವ್ಯವಸ್ಥೆಯೂ ಇನ್ನೂ ಉತ್ತರ ಕೊಟ್ಟಿಲ್ಲ.